ಲಾ ಸ್ಕೂಲ್ ಆರಿಸೋ ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ

ಇಲ್ಲಿ ಕೆನಡಾದಲ್ಲಿ ಮಾರ್ಚ್-ಏಪ್ರಿಲ್ ಬಂತು ಅಂದ್ರೆ ಟೊರಾಂಟೋ, ಮಿಸ್ಸಿಸಾಗಾ ಕಡೆಯಿಂದ ನಮ್ಮವರು ಯಾರಾದ್ರೂ ಫೋನ್ ಮಾಡೇ ಮಾಡ್ತಾರೆ. ಮಗಳಿಗೆ ಇಲ್ಲೂ ಲಾ ಸೀಟ್ ಸಿಕ್ಕಿದೆ, ಅಮೆರಿಕದಲ್ಲೂ ಸಿಕ್ಕಿದೆ, ಎರಡೂ ದೇಶದಲ್ಲಿ ಕೆಲಸ ಮಾಡೋ ಹಾಗಿರಬೇಕು ಅಂತಾಳೆ, ಯಾವುದಕ್ಕೆ ಸೇರಿಸೋದು ಹೇಳಿ ಅಂತ. ನಾನು ಮೈಸೂರಲ್ಲಿ ಲಾ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಇಲ್ಲಿನ ಪರೀಕ್ಷೆಗಳನ್ನೆಲ್ಲ ಬರೆದು ಒಂಟಾರಿಯೋ ಪ್ರಾಂತ್ಯದಲ್ಲಿ ಲೈಸೆನ್ಸ್ ತಗೊಂಡವಳು, ಈಗ ಒಂದು ಕಂಪನಿಯ ಲೀಗಲ್ ಡಿಪಾರ್ಟ್‌ಮೆಂಟಲ್ಲಿದೀನಿ, ಬೆಳಗಾದ್ರೆ ಅಮೆರಿಕದ ಲಾಯರ್‌ಗಳ ಜೊತೆನೇ ಕೆಲಸ, ಹಾಗಾಗಿ ನನ್ನನ್ನ ಕೇಳೋದು ಸಹಜ. ಕೇಳೋರೆಲ್ಲ ಶುರು ಮಾಡೋದು ರ‍್ಯಾಂಕಿಂದ. ಅದು ಎಷ್ಟನೇ ರ‍್ಯಾಂಕು, ಇದು ಎಷ್ಟನೇದು, ಹಾರ್ವರ್ಡ್ ಅಂದ್ರೆ ಸಿಗೋ ಮರ್ಯಾದೆ ಟೊರಾಂಟೋ ಯೂನಿವರ್ಸಿಟಿ ಅಂದ್ರೆ ಸಿಗತ್ತಾ ಅಂತ. ನಾನು ಮೊದಲು ಕೇಳೋದು ಬೇರೆ ಎರಡು ಪ್ರಶ್ನೆ. ಮಗುವಿನ ಹತ್ರ ಯಾವ ದೇಶದ ಪಾಸ್‌ಪೋರ್ಟ್ ಇದೆ? ಹುಟ್ಟಿದ್ದು ಎಲ್ಲಿ?

ಯಾಕೆ ಅಂತ ನಮ್ಮನೆ ವಿಷಯದಲ್ಲೇ ಹೇಳ್ತೀನಿ. ನಮ್ಮಕ್ಕನ ಮಗಳು ಹುಟ್ಟಿದ್ದು ಬೆಂಗಳೂರಲ್ಲಿ, ಚಿಕ್ಕ ವಯಸ್ಸಲ್ಲೇ ಅಪ್ಪ-ಅಮ್ಮನ ಜೊತೆ ಇಲ್ಲಿಗೆ ಬಂದ್ಲು. ಅವಳ ತಮ್ಮ ಹುಟ್ಟಿದ್ದು ಇಲ್ಲೇ, ಬ್ರ್ಯಾಂಪ್ಟನ್ನಲ್ಲಿ. ಇಬ್ಬರ ಹತ್ರನೂ ಇರೋದು ಕೆನಡಾದ ಪಾಸ್‌ಪೋರ್ಟೇ. ಲಾ ಓದಿ ಅಮೆರಿಕಕ್ಕೆ ಕೆಲಸಕ್ಕೆ ಹೋಗೋದಾದ್ರೆ ಇಬ್ಬರಿಗೂ ಟಿಎನ್ ಅನ್ನೋ ತಾತ್ಕಾಲಿಕ ಕೆಲಸದ ಅನುಮತಿಯ ದಾರಿ ಇದೆ. ಕೆನಡಾ, ಅಮೆರಿಕ, ಮೆಕ್ಸಿಕೋ ಮಧ್ಯೆ 1994ರಲ್ಲಿ ಜಾರಿಗೆ ಬಂದ ನಾಫ್ಟಾ ಅನ್ನೋ ವ್ಯಾಪಾರ ಒಪ್ಪಂದದಲ್ಲೇ ಕೆಲವು ವೃತ್ತಿಗಳ ಪಟ್ಟಿ ಇತ್ತು, ಅದರಲ್ಲಿ ಲಾಯರ್ ಕೂಡ ಒಂದು. 2020ರ ಜುಲೈನಲ್ಲಿ ಹೊಸ ಒಪ್ಪಂದ ಬಂದಾಗ್ಲೂ ಆ ಪಟ್ಟಿ ಹಾಗೇ ಉಳೀತು. ಹೆಚ್-1ಬಿ ತರ ಲಾಟರಿ ಇಲ್ಲ, ವರ್ಷಕ್ಕೆ ಇಷ್ಟೇ ಜನ ಅನ್ನೋ ಮಿತಿ ಇಲ್ಲ. ಅಮೆರಿಕದ ಎಂಪ್ಲಾಯರ್ ಕೊಟ್ಟ ಪತ್ರ, ಡಿಗ್ರಿ ಸರ್ಟಿಫಿಕೇಟು, ಪಾಸ್‌ಪೋರ್ಟು ಹಿಡ್ಕೊಂಡು ಟೊರಾಂಟೋ ಪಿಯರ್ಸನ್ ಏರ್‌ಪೋರ್ಟಲ್ಲೇ ಇರೋ ಅಮೆರಿಕದ ಇಮಿಗ್ರೇಷನ್ ಕೌಂಟರ್‌ಗೆ ಹೋದ್ರೆ, ಆಫೀಸರ್‌ಗೆ ಸರಿ ಅನಿಸಿದ್ರೆ, ಅಲ್ಲೇ ಒಂದು ಸಲಕ್ಕೆ ಮೂರು ವರ್ಷದ ತನಕ ಕೊಡ್ತಾರೆ, ಮುಗಿದ ಮೇಲೆ ಮತ್ತೆ ತಗೋಬಹುದು.

ಇಲ್ಲಿ ನಮ್ಮವರಿಗೆ ತಪ್ಪಿಹೋಗೋ ವಿಷಯ ಎರಡಿದೆ. ಮೊದಲನೇದು, ಇಲ್ಲಿಂದ ಹೋಗೋರಲ್ಲಿ ಟಿಎನ್ ಸಿಗೋದು ಕೆನಡಾದ ಪ್ರಜೆಗಳಿಗೆ ಮಾತ್ರ, ಪಿಆರ್ ಕಾರ್ಡ್, ಅಂದ್ರೆ ಇಲ್ಲಿ ಕಾಯಂ ಇರೋ ಅನುಮತಿ, ಇದ್ರೆ ಸಾಲಲ್ಲ. ಮೂರ್ನಾಲ್ಕು ವರ್ಷದ ಹಿಂದೆ ಪಿಆರ್ ಮೇಲೆ ಬಂದು ಇನ್ನೂ ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡಿರೋ ಹುಡುಗ ಲಾ ಮುಗಿಸಿದ ದಿನ ಸಿಟಿಜನ್ ಆಗಿರ‍್ತಾನಾ ಅನ್ನೋದು ಯಾವ ರ‍್ಯಾಂಕಿಗಿಂತ ದೊಡ್ಡ ವಿಷಯ. ಎರಡನೇದು ಇನ್ನೂ ಸೂಕ್ಷ್ಮ. ಟಿಎನ್ ಅನ್ನೋದು ತಾತ್ಕಾಲಿಕ, ಅಲ್ಲೇ ನೆಲೆ ನಿಲ್ಲಬೇಕು ಅಂದ್ರೆ ಗ್ರೀನ್ ಕಾರ್ಡ್ ಬೇಕು, ಆ ಗ್ರೀನ್ ಕಾರ್ಡಿನ ಕ್ಯೂನಲ್ಲಿ ಯಾವ ದೇಶದ ಲೆಕ್ಕಕ್ಕೆ ಸೇರ‍್ತೀರ ಅನ್ನೋದು ಪಾಸ್‌ಪೋರ್ಟಿನ ಮೇಲಲ್ಲ, ಹುಟ್ಟಿದ ಜಾಗದ ಮೇಲೆ. ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಇದೆ, ಇಂಡಿಯಾದಲ್ಲಿ ಹುಟ್ಟಿದವರ ಸಾಲು ಎಷ್ಟು ಉದ್ದ ಇದೆ ಅಂದ್ರೆ ದಶಕಕ್ಕೂ ಹಿಂದೆ ಅರ್ಜಿ ಹಾಕಿದವರ ಸರದಿ ಈಗ ಬರ‍್ತಾ ಇದೆ. ಅಂದ್ರೆ ಒಂದೇ ಮನೆ, ಒಂದೇ ಪಾಸ್‌ಪೋರ್ಟು, ಒಂದೇ ಡಿಗ್ರಿ, ಆದ್ರೆ ಬ್ರ್ಯಾಂಪ್ಟನ್ನಲ್ಲಿ ಹುಟ್ಟಿದ ತಮ್ಮ ಬೇಗ ಮುಗಿಯೋ ಸಾಲಲ್ಲಿ ನಿಲ್ತಾನೆ, ಬೆಂಗಳೂರಲ್ಲಿ ಹುಟ್ಟಿದ ಅಕ್ಕ ಇಂಡಿಯಾದ ಸಾಲಲ್ಲಿ ನಿಲ್ತಾಳೆ. ಗಂಡ ಬೇರೆ ದೇಶದಲ್ಲಿ ಹುಟ್ಟಿದವನಾದ್ರೆ ಆ ದೇಶದ ಲೆಕ್ಕಕ್ಕೆ ಸೇರಬಹುದು ಅಂತ ಕಾನೂನಲ್ಲಿದೆ, ಆದ್ರೆ ಇಪ್ಪತ್ತೆರಡು ವರ್ಷದ ಹುಡುಗಿಗೆ ಅದನ್ನ ನಂಬಿಕೊಂಡು ಕಾಲೇಜ್ ಆರಿಸು ಅಂತ ಯಾರು ಹೇಳೋಕಾಗತ್ತೆ. ನನ್ನ ಮಾತು ಕೇಳಿ ನಮ್ಮಕ್ಕ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ "ಹುಟ್ಟಿದ ಊರು ಇಷ್ಟು ವರ್ಷ ಆದ್ಮೇಲೂ ಬಿಡಲ್ವೇನೇ" ಅಂದ್ಲು.

ಇನ್ನು ಲೈಸೆನ್ಸಿನ ವಿಷಯ. ಇದು ಎರಡೂ ಕಡೆಗೆ ಸಮ ಇಲ್ಲ, ಈ ಅಸಮ ಗೊತ್ತಾದ್ರೆ ಅರ್ಧ ನಿರ್ಧಾರ ಆದ ಹಾಗೇ. ಕೆನಡಾದಲ್ಲಿ ಕಾಮನ್ ಲಾ, ಅಂದ್ರೆ ಇಂಗ್ಲೆಂಡಿನಿಂದ ಬಂದ ಕಾನೂನು ಪದ್ಧತಿಯ, ಜೆಡಿ ಅನ್ನೋ ಲಾ ಡಿಗ್ರಿ ಮುಗಿಸಿದವರು ನ್ಯೂಯಾರ್ಕ್ ಬಾರ್ ಪರೀಕ್ಷೆಗೆ, ಅಂದ್ರೆ ಅಲ್ಲಿನ ಲಾಯರ್ ಲೈಸೆನ್ಸಿನ ಪರೀಕ್ಷೆಗೆ, ಇನ್ನೊಂದು ಡಿಗ್ರಿ ಮಾಡದೆ ನೇರ ಕೂರಬಹುದು, ಕಾಮನ್ ಲಾ ದೇಶದಲ್ಲಿ ಅಷ್ಟೇ ಅವಧಿಯ, ಅದೇ ತರದ ಓದು ಓದಿದವರಿಗೆ ನ್ಯೂಯಾರ್ಕ್ ಕೋರ್ಟಿನ ನಿಯಮ ಅವಕಾಶ ಕೊಡತ್ತೆ. ಮೊದಲೇ ಕಾಲೇಜಿಂದ ಕಾಗದಪತ್ರ ಕಳಿಸಿ ಅರ್ಹತೆ ಪರಿಶೀಲನೆ ಮಾಡಿಸ್ಕೋಬೇಕು, ಜುಲೈನಲ್ಲೋ ಫೆಬ್ರವರಿಯಲ್ಲೋ ಎರಡು ದಿನದ ಪರೀಕ್ಷೆ, 400ಕ್ಕೆ 266 ಬರಬೇಕು, ಅದರ ಜೊತೆ ವೃತ್ತಿ ನೀತಿಯ ಒಂದು ಬೇರೆ ಪರೀಕ್ಷೆ, ನ್ಯೂಯಾರ್ಕ್ ಕಾನೂನಿನ ಮೇಲೆ ಒಂದು ಆನ್‌ಲೈನ್ ಕೋರ್ಸು-ಪರೀಕ್ಷೆ, ಮತ್ತೆ 50 ಗಂಟೆ ಉಚಿತ ಕಾನೂನು ಸೇವೆ. ಈ 50 ಗಂಟೆಯನ್ನ ಇಲ್ಲೇ ಓದುವಾಗ ಕಾಲೇಜಿನ ಲೀಗಲ್ ಕ್ಲಿನಿಕ್ಕಲ್ಲಿ ಮಾಡಿ ಸಹಿ ಹಾಕಿಸಿ ಇಟ್ಕೋಬಹುದು, ಆದ್ರೆ ಮಕ್ಕಳು ಮೂರನೇ ವರ್ಷದ ಕೊನೆ ತನಕ ಇದರ ಬಗ್ಗೆ ಯೋಚನೆನೇ ಮಾಡಲ್ಲ. ಒಂಟಾರಿಯೋ ಪರೀಕ್ಷೆ ಜೂನಲ್ಲಿ, ನ್ಯೂಯಾರ್ಕಿಂದು ಜುಲೈನಲ್ಲಿ, ಗಟ್ಟಿ ಮನಸ್ಸಿನ ಮಕ್ಕಳು ಒಂದೇ ಬೇಸಿಗೆಯಲ್ಲಿ ಎರಡನ್ನೂ ಬರೆದುಬಿಡ್ತಾರೆ.

ಈಗ ಉಲ್ಟಾ ನೋಡಿ. ಅಮೆರಿಕದಲ್ಲಿ ಜೆಡಿ ಮಾಡಿ ಒಂಟಾರಿಯೋಗೋ ಬಿಸಿಗೋ (ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ) ವಾಪಸ್ ಬರೋರು ಮೊದಲು ಎನ್‌ಸಿಎ ಮುಂದೆ ಹೋಗಬೇಕು, ಅಂದ್ರೆ ಹೊರದೇಶದ ಲಾ ಡಿಗ್ರಿಗಳನ್ನ ಅಳೆದು ನೋಡೋ ಸಮಿತಿ. ಯೇಲ್ ತರದ ದೊಡ್ಡ ಯೂನಿವರ್ಸಿಟಿಯಿಂದ ಬಂದ್ರೂ ಹೋಗಬೇಕು. ಕೆನಡಾದ ಸಂವಿಧಾನ, ಆಡಳಿತ ಕಾನೂನು, ಕ್ರಿಮಿನಲ್ ಕಾನೂನು, ವೃತ್ತಿ ನೀತಿ, ಕೆನಡಾ ಕಾನೂನಿನ ಬುನಾದಿ, ಈ ತರದ ವಿಷಯಗಳಲ್ಲಿ ಪರೀಕ್ಷೆ ಬರೀಬೇಕು. ನಾನು ಇದೇ ದಾರೀಲಿ ಬಂದವಳು. ಪುಸ್ತಕ ಇಟ್ಕೊಂಡೇ ಬರೆಯೋ ಪರೀಕ್ಷೆ, 50 ಬಂದ್ರೆ ಪಾಸು, ಕೇಳೋಕೆ ಸುಲಭ. ಆದ್ರೆ ಪಾಠ ಮಾಡೋರು ಯಾರೂ ಇಲ್ಲ, ಸಿಲಬಸ್ ಒಂದು ಕೊಡ್ತಾರೆ, ಕೇಸುಗಳ ಉದ್ದದ ಪಟ್ಟಿ ಇರತ್ತೆ, ಎಲ್ಲಾ ತಾನೇ ಓದ್ಕೋಬೇಕು. ಕೆನಡಾ ಸಂವಿಧಾನದ ಹಕ್ಕುಗಳ ಭಾಗವಾದ 1982ರ ಚಾರ್ಟರ್‌ನ ಮೊದಲನೇ ಸೆಕ್ಷನ್ನಿನ ಮೇಲೆ ಬಂದ ಓಕ್ಸ್ ಕೇಸನ್ನ ನಾನು ಅಡುಗೆಮನೆ ಟೇಬಲ್ ಮೇಲೆ, ಸ್ಟಿಕ್ಕಿ ನೋಟ್ ಅಂಟಿಸಿ ಅಂಟಿಸಿ ಪೇಪರ‍್ರೇ ಕಾಣದ ಹಾಗೆ ಮಾಡಿ ಓದಿದ್ದು. ಒಂದು ಹಕ್ಕಿಗೆ ಸರ್ಕಾರ ಮಿತಿ ಹಾಕಿದ್ರೆ ಆ ಮಿತಿ ಸರಿಯಾ ಅಂತ ಕೋರ್ಟು ಹೆಜ್ಜೆ ಹೆಜ್ಜೆಗೆ ಹೇಗೆ ಅಳೀತು ಅನ್ನೋದು ಅದರಲ್ಲಿದೆ, ಅಮೆರಿಕದ ಸಂವಿಧಾನ ಎಷ್ಟೇ ಅರೆದು ಕುಡಿದಿದ್ರೂ ಇದು ಬೇರೆನೇ ಯೋಚನೆ ಮಾಡೋ ರೀತಿ, ಮೂರು ವರ್ಷ ಅಲ್ಲಿ ಓದಿ ಬಂದ ಮಗು ಇದನ್ನ ಒಂಟಿಯಾಗಿ ಕೂತು ಹೊಸದಾಗಿ ಕಲೀಬೇಕು. ಅದಾದ್ಮೇಲೂ ಒಂಟಾರಿಯೋ ಲೈಸೆನ್ಸ್ ಪರೀಕ್ಷೆ, ಎಂಟು-ಹತ್ತು ತಿಂಗಳ ಆರ್ಟಿಕ್ಲಿಂಗ್, ಅಂದ್ರೆ ಲಾಯರ್ ಒಬ್ಬರ ಕೈಕೆಳಗೆ ತರಬೇತಿ. ಅಮೆರಿಕದಲ್ಲಿ ಪ್ರಾಕ್ಟೀಸ್ ಮಾಡಿ ಬಂದಿದ್ರೆ ಆರ್ಟಿಕ್ಲಿಂಗ್‌ನಿಂದ ವಿನಾಯಿತಿ ಕೇಳಬಹುದು, ನೇರ ಕಾಲೇಜಿಂದ ಬಂದವರಿಗೆ ಅದೂ ಇಲ್ಲ, ಬೇಸಿಗೆ ಇಂಟರ್ನ್‌ಶಿಪ್ಪೆಲ್ಲ ಆ ಕಡೆ ಮಾಡಿರೋದ್ರಿಂದ ಇಲ್ಲಿ ಪರಿಚಯದವರೂ ಇರಲ್ಲ.

ಒಂದು ಮಾತು ಸೇರಿಸ್ತೀನಿ. ನ್ಯೂಯಾರ್ಕ್ ಒಪ್ಕೊಂಡ್ರೆ ಇಡೀ ಅಮೆರಿಕ ಒಪ್ಕೊಂಡ ಹಾಗಲ್ಲ, ಅಲ್ಲಿ ಒಂದೊಂದು ರಾಜ್ಯದ್ದೂ ಒಂದೊಂದು ಕಾಯ್ದೆ. ಇಲ್ಲಿನ ಎಷ್ಟೋ ಜನ ಚಳಿಗಾಲ ಕಳೆಯೋಕೆ ಅಂತ ಫ್ಲೋರಿಡಾದಲ್ಲಿ ಮನೆ ಮಾಡಿರ‍್ತಾರೆ, ಅವರ ವಿಲ್ಲು, ಆಸ್ತಿ, ಟ್ಯಾಕ್ಸು ನೋಡ್ಕೊಳ್ಳೋ ಕೆಲಸ ತುಂಬ ಒಳ್ಳೆ ಕ್ರಾಸ್-ಬಾರ್ಡರ್ ಪ್ರಾಕ್ಟೀಸು, ಆದ್ರೆ ಅದೇ ಫ್ಲೋರಿಡಾದಲ್ಲಿ ಅಮೆರಿಕದ ಮಾನ್ಯತೆ ಇರೋ ಸ್ಕೂಲಿನ ಡಿಗ್ರಿ ಇಲ್ಲದಿದ್ರೆ ಬಾರ್‌ಗೆ ಸೇರೋಕೆ ವರ್ಷಗಟ್ಟಲೆ ಪ್ರಾಕ್ಟೀಸ್ ತೋರಿಸಬೇಕಾಗತ್ತೆ. ಕೆನಡಾದ ಒಳಗೆ ಈ ತಾಪತ್ರಯ ಕಮ್ಮಿ, ಒಂಟಾರಿಯೋ ಲಾಯರ್ ಆಲ್ಬರ್ಟಾಗೋ ಬಿಸಿಗೋ ಹೋಗೋದು ಅಷ್ಟು ಕಷ್ಟ ಅಲ್ಲ. ಕ್ವಿಬೆಕ್ ಪ್ರಾಂತ್ಯ ಬೇರೆ, ಅಲ್ಲಿ ಫ್ರೆಂಚ್ ಮೂಲದ ಸಿವಿಲ್ ಕೋಡ್, ಅದು ಬೇಕಾದವರಿಗೆ ಎರಡೂ ಪದ್ಧತಿ ಒಟ್ಟಿಗೆ ಕಲಿಸೋ ಮೆಗಿಲ್ ಯೂನಿವರ್ಸಿಟಿ ಇದೆ.

ಕ್ರಾಸ್-ಬಾರ್ಡರ್ ಕೆಲಸ ಅಂದ್ರೆ ಏನು ಅನ್ನೋದನ್ನೂ ಮಕ್ಕಳು ಸರಿಯಾಗಿ ಯೋಚಿಸಿರಲ್ಲ, ವಾರದಲ್ಲಿ ಮೂರು ದಿನ ಮ್ಯಾನ್‌ಹ್ಯಾಟನ್ನು ಎರಡು ದಿನ ಟೊರಾಂಟೋದಲ್ಲಿ ದೊಡ್ಡ ಫರ್ಮ್‌ಗಳಿರೋ ಬೇ ಸ್ಟ್ರೀಟು ಅಂತ ಅಂದ್ಕೊಂಡಿರ‍್ತಾರೆ. ಅಕ್ಕನ ಮಗಳಿಗೆ ನಾನು ನಾರ್ಟೆಲ್ ಅನ್ನೋ ಕೆನಡಾದ ಟೆಲಿಕಾಂ ಕಂಪನಿಯ ಕಥೆ ಹೇಳಿದೆ. ನಮ್ಮ ಕಾಲದವರಿಗೆ ಆ ಹೆಸರು ಚೆನ್ನಾಗಿ ಗೊತ್ತು, ಬೆಂಗಳೂರಲ್ಲಿ ವಿಪ್ರೋ, ಸಾಸ್ಕೆನ್‌ನಲ್ಲಿ ಕೂತು ನಾರ್ಟೆಲ್ ಪ್ರಾಜೆಕ್ಟ್ ಮಾಡಿದ ಇಂಜಿನಿಯರ್‌ಗಳು ಈಗ್ಲೂ ಸಿಗ್ತಾರೆ. 2009ರ ಜನವರಿಯಲ್ಲಿ ಆ ಕಂಪನಿ ಕೆನಡಾ, ಅಮೆರಿಕ, ಇಂಗ್ಲೆಂಡ್ ಮೂರೂ ಕಡೆ ಕೋರ್ಟಿಗೆ ಹೋಗಿ ಸಾಲ ತೀರಿಸೋಕಾಗಲ್ಲ ಅಂತ ಕೈಚೆಲ್ಲಿತು. ಒಂದೊಂದೇ ವಿಭಾಗ ಮಾರಿದ್ರು, 2011ರಲ್ಲಿ ಬರೀ ಪೇಟೆಂಟ್‌ಗಳೇ 450 ಕೋಟಿ ಡಾಲರ್‌ಗೆ ಹೋದ್ವು, ಎಲ್ಲಾ ಸೇರಿ 700 ಕೋಟಿ ಡಾಲರ್ ದಾಟಿದ ಹಣ ಒಂದು ಕಡೆ ಕೂಡಿಬಿತ್ತು. ಇದರಲ್ಲಿ ಕೆನಡಾ ಕಂಪನಿಗೆ ಎಷ್ಟು, ಅಮೆರಿಕದ ಕಂಪನಿಗೆ ಎಷ್ಟು, ಯೂರೋಪಿನ ಕಂಪನಿಗಳಿಗೆ ಎಷ್ಟು? ಒಪ್ಪಂದ ಆಗ್ಲಿಲ್ಲ. ಕೊನೆಗೆ 2014ರ ಮೇನಲ್ಲಿ ಟೊರಾಂಟೋದ ಕೋರ್ಟಲ್ಲಿ ಜಸ್ಟಿಸ್ ನ್ಯೂಬೋಲ್ಡ್, ಡೆಲವೇರಿನ ವಿಲ್ಮಿಂಗ್ಟನ್ ಕೋರ್ಟಲ್ಲಿ ಜಡ್ಜ್ ಗ್ರಾಸ್, ಇಬ್ಬರೂ ತಮ್ಮ ತಮ್ಮ ಪೀಠದಲ್ಲಿ ಕೂತು ವಿಡಿಯೋ ಲಿಂಕ್ ಹಾಕ್ಕೊಂಡು ಒಂದೇ ವಿಚಾರಣೆ ನಡೆಸಿದ್ರು. ಸಾಕ್ಷಿ ಒಂದೂರಲ್ಲಿ ಕಟಕಟೆ ಹತ್ತಿದ್ರೆ ಇನ್ನೊಂದೂರಿನ ಜಡ್ಜ್ ತೆರೆ ಮೇಲೆ ನೋಡೋದು. ಒಂದು ವರ್ಷ ಕಳೆದು 2015ರ ಮೇನಲ್ಲಿ ಇಬ್ಬರೂ ಒಂದೇ ದಿನ ಬೇರೆ ಬೇರೆ ತೀರ್ಪು ಬರೆದ್ರು, ಆದ್ರೆ ಇಬ್ಬರೂ, ಕಂಪನಿಯಿಂದ ಹಣ ಬರಬೇಕಾದವರಿಗೆ ಅವರವರ ಬಾಕಿಗೆ ತಕ್ಕ ಹಾಗೆ ಹಂಚೋ ದಾರಿಯನ್ನೇ ಹಿಡಿದ್ರು.

ಅಲ್ಲಿದ್ದ ಲಾಯರ್‌ಗಳನ್ನ ಗಮನಿಸಿ. ಟೊರಾಂಟೋದಲ್ಲಿ ವಾದ ಮಾಡಿದವರು ಕೆನಡಾ ಲೈಸೆನ್ಸಿನವರು, ವಿಲ್ಮಿಂಗ್ಟನ್ನಲ್ಲಿ ವಾದ ಮಾಡಿದವರು ಅಮೆರಿಕದವರು. ಕ್ರಾಸ್-ಬಾರ್ಡರ್ ಅಂದ್ರೆ ಬಹಳಷ್ಟು ಸಲ ಇದೇ, ಒಂದು ಕಡೆ ಗಟ್ಟಿಯಾಗಿ ಕಾಲೂರಿ ಆ ಕಡೆಯವರ ಭಾಷೆ ಅರ್ಥ ಮಾಡ್ಕೊಂಡು ಕೆಲಸ ಮಾಡೋದು. ಸೆಕ್ಯೂರಿಟೀಸ್ ಕೆಲಸನೂ ಹಾಗೇ, 1991ರಿಂದ ಕೆನಡಾ-ಅಮೆರಿಕ ಮಧ್ಯೆ ಒಂದು ವ್ಯವಸ್ಥೆ ಇದೆ, ಕೆನಡಾದ ದೊಡ್ಡ ಕಂಪನಿ ಇಲ್ಲಿನ ದಾಖಲೆಯನ್ನೇ ಇಟ್ಕೊಂಡು ಅಮೆರಿಕದಲ್ಲಿ ಷೇರು ಮಾರಬಹುದು, ಇದನ್ನ ತಿಳಿದಿರೋ ಲಾಯರ್‌ಗಳಿಗೆ ಎರಡೂ ಕಡೆ ಕೆಲಸ. ಆಸ್ಲರ್, ಡೇವೀಸ್, ಟೋರೀಸ್ ತರದ ಟೊರಾಂಟೋ ಫರ್ಮ್‌ಗಳಿಗೆ ನ್ಯೂಯಾರ್ಕಲ್ಲಿ ಆಫೀಸಿದೆ, ಸ್ಕ್ಯಾಡನ್, ಪಾಲ್ ವೈಸ್ ತರದ ನ್ಯೂಯಾರ್ಕ್ ಫರ್ಮ್‌ಗಳಿಗೆ ಟೊರಾಂಟೋದಲ್ಲಿ ಆಫೀಸಿದೆ. ಅಪ್ಪ-ಅಮ್ಮನ ಹತ್ರನೇ ಇದ್ಕೊಂಡು ಅಮೆರಿಕದ ಕಾನೂನಿನ ಕೆಲಸ ಮಾಡೋರೂ ಇದಾರೆ, ಅದಕ್ಕೆ ಒಂಟಾರಿಯೋ ಲಾ ಸೊಸೈಟಿ ಬೇರೆ ಪರ್ಮಿಟ್ಟೇ ಕೊಡತ್ತೆ. ಈ ವಿಷಯ ಕೇಳಿದ ಮೇಲೆ ನಮ್ಮ ಹುಡುಗಿ ಮುಖ ಸ್ವಲ್ಪ ಸಡಿಲ ಆಯ್ತು, ಯಾಕಂದ್ರೆ ಅವಳಿಗೆ ಒಳಗೊಳಗೆ ಇದ್ದ ಚಿಂತೆ ಅಮ್ಮನ ಮಂಡಿ ನೋವು, ಅಪ್ಪನ ಶುಗರ‍್ರು.

ದುಡ್ಡಿನ ಲೆಕ್ಕ ಬೇಗ ಹೇಳ್ತೀನಿ. ಟೊರಾಂಟೋ ಯೂನಿವರ್ಸಿಟಿ ಜೆಡಿ ಫೀಸು ಒಂಟಾರಿಯೋ ಮಕ್ಕಳಿಗೆ ವರ್ಷಕ್ಕೆ ಸುಮಾರು 33-34 ಸಾವಿರ ಕೆನಡಿಯನ್ ಡಾಲರ್, ಅದೇ ಇಲ್ಲಿ ದುಬಾರಿ, ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಲಿ ಅದರ ಅರ್ಧಕ್ಕೂ ಕಮ್ಮಿ. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಲಿ ಬರೀ ಫೀಸೇ 80 ಸಾವಿರ ಅಮೆರಿಕನ್ ಡಾಲರ್ ದಾಟಿದೆ, ಮನೆ ಬಾಡಿಗೆ ಊಟ ಸೇರಿಸಿ ಮೂರು ವರ್ಷಕ್ಕೆ ಗುಣಿಸಿ, ಕೆನಡಾ ಡಾಲರ್‌ಗೆ ಬದಲಾಯಿಸಿದ್ರೆ ನಾಲ್ಕು ಲಕ್ಷ ಸುಲಭವಾಗಿ ದಾಟತ್ತೆ. ಅಮೆರಿಕದ ಸರ್ಕಾರಿ ಸ್ಟೂಡೆಂಟ್ ಲೋನ್ ಕೆನಡಾದ ಮಕ್ಕಳಿಗೆ ಸಿಗಲ್ಲ, ಪ್ರೈವೇಟ್ ಲೋನ್‌ಗೆ ಸಾಮಾನ್ಯವಾಗಿ ಅಮೆರಿಕದವರೇ ಯಾರಾದ್ರೂ ಜಾಮೀನು ನಿಲ್ಲಬೇಕು. ಹೌದು, ನ್ಯೂಯಾರ್ಕಿನ ದೊಡ್ಡ ಫರ್ಮಲ್ಲಿ ಮೊದಲ ವರ್ಷದ ಸಂಬಳ 2,25,000 ಅಮೆರಿಕನ್ ಡಾಲರ್, ಬೇ ಸ್ಟ್ರೀಟಲ್ಲಿ 1,30,000 ಕೆನಡಿಯನ್ ಡಾಲರ್ ಆಸುಪಾಸು, ವ್ಯತ್ಯಾಸ ದೊಡ್ಡದೇ. ಆದ್ರೆ ಆ ನ್ಯೂಯಾರ್ಕ್ ಫರ್ಮ್‌ಗಳು ಟೊರಾಂಟೋ, ಮೆಗಿಲ್, ಆಸ್‌ಗುಡ್ ತರದ ಕೆನಡಾದ ಲಾ ಸ್ಕೂಲುಗಳಿಂದಲೂ ಮಕ್ಕಳನ್ನ ತಗೋತಾರೆ. ಕಡಿಮೆ ಸಾಲದಲ್ಲಿ ಅದೇ ಕುರ್ಚಿಗೆ ಹೋಗೋ ದಾರಿ ಇರುವಾಗ, ನನ್ನ ಪ್ರಕಾರ, ಕ್ಲಾಸಲ್ಲಿ ಮುಂದಿರೋ ಕೆನಡಾದ ಮಗು ಮೊದಲು ಅದನ್ನೇ ನೋಡಬೇಕು. ಅಮೆರಿಕದಲ್ಲಿ ಎಬಿಎ, ಅಂದ್ರೆ ಅಲ್ಲಿನ ವಕೀಲರ ಸಂಘದ, ಮಾನ್ಯತೆ ಇರೋ ಸುಮಾರು 200 ಲಾ ಸ್ಕೂಲಿದೆ, ಮೇಲಿನ ಹದಿನಾಲ್ಕಕ್ಕೂ ಕೆಳಗಿನವಕ್ಕೂ ಅಜಗಜಾಂತರ. ಒಂದು ಒಳ್ಳೇದು ಅಂದ್ರೆ, ಓದು ಮುಗಿದು ಹತ್ತು ತಿಂಗಳಿಗೆ ಎಷ್ಟು ಜನಕ್ಕೆ ಎಂಥ ಕೆಲಸ ಸಿಕ್ತು ಅಂತ ಪ್ರತಿ ಸ್ಕೂಲೂ ಎಲ್ಲರಿಗೂ ಕಾಣೋ ಹಾಗೆ ಲೆಕ್ಕ ಪ್ರಕಟ ಮಾಡಲೇಬೇಕು. ಆಫರ್ ಲೆಟರ್ ಬಂದ ಸಂಜೆನೇ ಆ ಪಟ್ಟಿ ತೆಗೆದು, ಲಾಯರ್ ಕೆಲಸ, ಫುಲ್‌ಟೈಮು, ಯಾವ ರಾಜ್ಯದಲ್ಲಿ, ಈ ಸಾಲುಗಳನ್ನ ಓದಿ. ಸ್ಕಾಲರ್‌ಶಿಪ್ ಕೊಟ್ಟಿದ್ರೆ ಇಂತಿಷ್ಟು ಗ್ರೇಡ್ ಉಳಿಸ್ಕೋಬೇಕು ಅನ್ನೋ ಷರತ್ತಿದ್ಯಾ ನೋಡಿ.

ಒಂಟಾರಿಯೋದ ಗಡಿ ಊರು ವಿಂಡ್ಸರ್ ಬಗ್ಗೆ ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಅಲ್ಲಿನ ಯೂನಿವರ್ಸಿಟಿ ಮತ್ತೆ ನದಿಯಾಚೆ ಅಮೆರಿಕದಲ್ಲಿರೋ ಡೆಟ್ರಾಯಿಟ್ ಮರ್ಸಿ ಯೂನಿವರ್ಸಿಟಿ ಸೇರಿ ಮೂರು ವರ್ಷಕ್ಕೆ ಎರಡೂ ದೇಶದ ಜೆಡಿ ಕೊಡ್ತಾರೆ. ಬೆಳಿಗ್ಗೆ ಒಂದು ದೇಶದಲ್ಲಿ ಕ್ಲಾಸು, ಮಧ್ಯಾಹ್ನ 1929ರ ಅಂಬಾಸಡರ್ ಬ್ರಿಜ್ ದಾಟಿ ಇನ್ನೊಂದು ದೇಶದಲ್ಲಿ ಕ್ಲಾಸು, ಎನ್‌ಸಿಎ ಗೋಳು ಇಲ್ಲ. ಆದ್ರೆ ಎರಡೂ ಕಡೆ ಫೀಸು ಕಟ್ಟಬೇಕು, ನ್ಯೂಯಾರ್ಕ್ ದೊಡ್ಡ ಫರ್ಮೇ ಗುರಿ ಅಂದ್ರೆ ಇದು ಆ ದಾರಿಯಲ್ಲ. ಆಟೋ ಕಂಪನಿಗಳು, ಇಮಿಗ್ರೇಷನ್, ಗಡಿ ವ್ಯಾಪಾರ, ಮಿಷಿಗನ್-ಒಂಟಾರಿಯೋ ಮಧ್ಯೆಯ ಕೆಲಸ ಮಾಡೋ ಮನಸ್ಸಿದ್ರೆ ನಿಜವಾಗ್ಲೂ ಚೆನ್ನಾಗಿದೆ. ದಿನಾ ಲಾರಿ ಸಾಲು ನಿಂತಿರೋ ಗಡಿ ಪಕ್ಕದಲ್ಲೇ ಗಡಿ ಕಾನೂನು ಓದೋದು ಎಲ್ಲರಿಗೂ ಸಿಗೋ ಭಾಗ್ಯ ಅಲ್ಲ.

ಹಾಗಂತ ಎಲ್ಲರೂ ಕೆನಡಾದಲ್ಲೇ ಓದಿ ಅಂತ ನಾನು ಹೇಳಲ್ಲ. ಅಮೆರಿಕದ ಕೋರ್ಟಲ್ಲಿ ನಿಂತು ವಾದ ಮಾಡಬೇಕು, ಜಡ್ಜ್ ಹತ್ರ ಕ್ಲರ್ಕ್, ಅಂದ್ರೆ ಕಾನೂನು ಸಹಾಯಕ, ಆಗಬೇಕು, ಅಮೆರಿಕದಲ್ಲೇ ಕಾನೂನು ಪ್ರೊಫೆಸರ್ ಆಗಬೇಕು, ಅಥವಾ ಕ್ಯಾಲಿಫೋರ್ನಿಯಾನೋ ಟೆಕ್ಸಾಸೋ ಒಂದೇ ರಾಜ್ಯದಲ್ಲಿ ಬೇರೂರಬೇಕು ಅನ್ನೋರಿಗೆ ಅಲ್ಲಿನ ಸ್ಕೂಲೇ ಸರಿ, ಆ ಕೆಲಸಗಳು ಅಲ್ಲಿನ ಪ್ರೊಫೆಸರ್‌ಗಳ ಒಂದು ಮಾತಿನ ಮೇಲೆ, ಅಲ್ಲಿನ ಕ್ಲಿನಿಕ್ಕುಗಳ ಅನುಭವದ ಮೇಲೆ ಸಿಗೋವು. ಅಮೆರಿಕದಲ್ಲಿ ಓದಿದ್ರೆ ಸ್ಟೂಡೆಂಟ್ ವೀಸಾ ಮೇಲೆ ಒಂದು ವರ್ಷ ಕೆಲಸ ಮಾಡಬಹುದು, ಲಾ ಮಕ್ಕಳಿಗೆ ಇಂಜಿನಿಯರಿಂಗ್‌ನವರ ತರ ಹೆಚ್ಚುವರಿ ಎರಡು ವರ್ಷ ಸಿಗಲ್ಲ. ಇಂಡಿಯನ್ ಪಾಸ್‌ಪೋರ್ಟಿನವರು ಆಮೇಲೆ ಹೆಚ್-1ಬಿ ಲಾಟರಿಗೆ ಹಾಕಬೇಕು, ಅವರಿಗೆ ನಾನು ಕೈ ಮುಗಿದು ಹೇಳೋದು, ಸಾಲ ಮಾಡೋ ಮುಂಚೆ ಆ ಲಾಟರಿ ಬರದಿದ್ರೆ ಎಲ್ಲಿಗೆ ಹೋಗ್ತೀರ ಅನ್ನೋದನ್ನ ಒಂದು ಹಾಳೆ ಮೇಲೆ ಬರೆದಿಡಿ. ಟಿಎನ್ ಕೂಡ ಒಪ್ಪಂದ ಇರೋ ತನಕ ಮಾತ್ರ, ಆರನೇ ವರ್ಷಕ್ಕೆ, ಅಂದ್ರೆ 2026ರ ಜುಲೈಗೆ, ಮೂರೂ ದೇಶ ಕೂತು ಪರಾಮರ್ಶೆ ಮಾಡಬೇಕು ಅಂತ ಒಪ್ಪಂದದಲ್ಲೇ ಬರೆದಿದೆ. ಗಂಡನೋ ಹೆಂಡತಿನೋ ಟಿಎನ್ ಮೇಲೆ ಹೋದ್ರೆ ಜೊತೆಗೆ ಹೋದವರಿಗೆ ಕೆಲಸ ಮಾಡೋ ಅನುಮತಿ ಇಲ್ಲ, ಮದುವೆ ಮಾತುಕತೆ ಹೊತ್ತಲ್ಲಿ ಇದನ್ನ ಯಾರೂ ಹೇಳಿರಲ್ಲ, ಆಮೇಲೆ ಓದಿದ ಹುಡುಗಿ ಮನೇಲಿ ಕೂತು ಅಳೋದನ್ನ ನಾನು ನೋಡಿದೀನಿ.

ಅಕ್ಕನ ಮಗಳು ಟೊರಾಂಟೋಗೆ ಹೂಂ ಅಂದಿದಾಳೆ, ನ್ಯೂಯಾರ್ಕ್ ಬಾರ್ ಬರೀತೀನಿ, ಇನ್ಸಾಲ್ವೆನ್ಸಿ, ಅಂದ್ರೆ ದಿವಾಳಿ ಕಾನೂನು, ಓದ್ತೀನಿ ಅಂತಿದಾಳೆ. ಈಗ ಅವಳ ತಮ್ಮ ಶುರು ಮಾಡಿದಾನೆ. ಅವನಿಗೆ ಕಂಪನಿ ಕೆಲಸ ಬೇಡ್ವಂತೆ, ಅಮೆರಿಕದಲ್ಲಿ ಪಬ್ಲಿಕ್ ಡಿಫೆಂಡರ್ ಆಗಬೇಕಂತೆ, ದುಡ್ಡಿಲ್ಲದ ಆರೋಪಿಗಳ ಪರ ನಿಲ್ಲಬೇಕಂತೆ. ಆಸೆ ದೊಡ್ಡದು, ನನಗೆ ಖುಷಿನೇ. "ಹಾಗಾದ್ರೆ ನೀನು ಅಮೆರಿಕದಲ್ಲೇ ಓದಬೇಕು ಕಣೋ, ಕ್ರಿಮಿನಲ್ ಪ್ರೊಸೀಜರ್ ಅಲ್ಲಿಂದೇ ಬೇರೆ" ಅಂದೆ. "ಮತ್ತೆ ಯಾಕೆ ಚಿಕ್ಕಮ್ಮ ಹಿಂದೆಮುಂದೆ ನೋಡ್ತಿದೀರ" ಅಂದ. ವಿಷಯ ಏನಂದ್ರೆ, ಅಲ್ಲಿನ ಮಕ್ಕಳು ಇಂಥ ಕಮ್ಮಿ ಸಂಬಳದ ಸಾರ್ವಜನಿಕ ಕೆಲಸಕ್ಕೆ ಧೈರ್ಯವಾಗಿ ಹೋಗೋದು ಹತ್ತು ವರ್ಷ ಕಂತು ಕಟ್ಟಿದ್ರೆ ಉಳಿದ ಸರ್ಕಾರಿ ಸಾಲ ಮನ್ನಾ ಆಗತ್ತೆ ಅನ್ನೋ ಯೋಜನೆ ನಂಬಿ, ಆ ಸರ್ಕಾರಿ ಸಾಲನೇ ಇವನಿಗೆ ಸಿಗಲ್ಲ, ಹಾಗಾಗಿ ಮನ್ನಾ ಮಾತೇ ಇಲ್ಲ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿದ್ರೆ ಕಣ್ಣು ಮುಚ್ಕೊಂಡು ಹೋಗು, ಇಲ್ಲದಿದ್ರೆ ಇಲ್ಲೇ ಓದಿ ಲೀಗಲ್ ಏಡ್ ಒಂಟಾರಿಯೋದಲ್ಲಿ ಅದೇ ಜನಗಳ ಪರ ನಿಲ್ಲೋ ಕೆಲಸ ಇದೆ ಅಂತ ಹೇಳಿದೀನಿ. ಅವನಿನ್ನೂ ಒಪ್ಪಿಲ್ಲ, ಎಲ್‌ಸ್ಯಾಟ್ ಅನ್ನೋ ಲಾ ಪ್ರವೇಶ ಪರೀಕ್ಷೆಯ ಪುಸ್ತಕ ತಂದಿಟ್ಕೊಂಡು 170 ದಾಟಿಸೇ ದಾಟಿಸ್ತೀನಿ, ಸ್ಕಾಲರ್‌ಶಿಪ್ ತಗೊಂಡೇ ತೋರಿಸ್ತೀನಿ ಅಂತಿದಾನೆ.